ಅರಿವು ಅಳಿಯಿತೆಂದು ಹೇಗೆ ತಿಳಿಯುವುದು?

ಅರಿವಳಿಕೆ ಕೊಡುವಾಗ ಮಿದುಳಿನ ವಿದ್ಯುತ್ತನ್ನು ನೋಡಲು ಹಣೆಗೆ ಅಂಟಿಸುವ ಪಟ್ಟಿಯ ಮೊದಲ ಬಿಲ್ಲೆ ಮೂಗಿನ ಬುಡದಿಂದ ಸುಮಾರು 5 ಸೆಂಟಿಮೀಟರ್ ಮೇಲೆ, ಹಣೆಯ ನಟ್ಟನಡುವೆ ಕೂರಬೇಕು. ಉಳಿದವು ಅಲ್ಲಿಂದ ಓರೆಯಾಗಿ ಹುಬ್ಬಿನ ಮೇಲ್ಗಡೆ ಸಾಗಿ, ಕಣ್ಣಿನ ಹೊರಮೂಲೆಗೂ ಕೂದಲಂಚಿಗೂ ನಡುವೆ ಕೊನೆಗೊಳ್ಳುತ್ತವೆ. ಅಂಟಿಸುವ ಮೊದಲು ಸ್ಪಿರಿಟ್ ಹತ್ತಿಯಿಂದ ಹಣೆಯನ್ನು ಚೆನ್ನಾಗಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಒಂದೊಂದು ಬಿಲ್ಲೆಯನ್ನೂ ಬೆರಳಿನಿಂದ ಐದಾರು ಸೆಕೆಂಡು ಒತ್ತಿ ಹಿಡಿಯಬೇಕು. ಚರ್ಮದ ಮೇಲೆ ಎಣ್ಣೆ, ಬೆವರು, ವಿಭೂತಿ ಏನಿದ್ದರೂ ಮಿದುಳಿನಿಂದ ಬರುವ ಆ ಕ್ಷೀಣ ವಿದ್ಯುತ್ತು ಬಿಲ್ಲೆಗೆ ಸರಿಯಾಗಿ ದಾಟುವುದಿಲ್ಲ.

ಆ ದಿನ ಮೇಜಿನ ಮೇಲೆ ಮಲಗಿದ್ದವರು ಧಾರವಾಡ ಕಡೆಯ ಹಳ್ಳಿಯ 74 ವರ್ಷದ ಅಜ್ಜಿ. ದೊಡ್ಡ ಕರುಳಿನ ಗಡ್ಡೆ ತೆಗೆಯಬೇಕಿತ್ತು. ಹಣೆಯ ಉದ್ದಕ್ಕೂ ಮೂರು ಬೆರಳಿನ ವಿಭೂತಿ, ಹುಬ್ಬುಗಳ ನಡುವೆ ಕುಂಕುಮ. ನಾನು ಹತ್ತಿ ಹಿಡಿದು ಬಗ್ಗಿದಾಗ ಅವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. “ವಿಭೂತಿ ಒರಸ್ರಿ, ಕುಂಕುಮ ಅಷ್ಟು ಅಳಸಬ್ಯಾಡ್ರೀ. ಯಜಮಾನ್ರು ಹೊರಗ ಕುಂತಾರ.” ಕುಂಕುಮ ನನ್ನ ಬಿಲ್ಲೆಗಳ ದಾರಿಗೆ ಅಡ್ಡ ಬರುತ್ತಿರಲಿಲ್ಲ. ಹಾಗೆಂದು ಹೇಳಿ, ಅದನ್ನು ಮುಟ್ಟದೆ, ಅದರ ಮೇಲಿನಷ್ಟೇ ಜಾಗವನ್ನು ಒರೆಸಿದೆ. ಆಗ ಅವರು ಇನ್ನೊಂದು ಪ್ರಶ್ನೆ ಕೇಳಿದರು: “ನಡುವ ಎಚ್ಚರ ಆಗೂದಿಲ್ಲಲ್ರೀ?”

ಇಪ್ಪತ್ತು ವರ್ಷಗಳಿಂದ ಅರಿವಳಿಕೆ ಕೊಡುವುದೇ ನನ್ನ ಕೆಲಸವಾಗಿದ್ದರೂ ಈ ಪ್ರಶ್ನೆಗೆ ನಾನು ಎಂದೂ ಹಗುರವಾಗಿ ಉತ್ತರಿಸಿಲ್ಲ. ನಮ್ಮ ಕಸುಬಿಗೆ ಕನ್ನಡದಲ್ಲಿರುವ ಹೆಸರೇ ಒಂದು ದೊಡ್ಡ ಮಾತನ್ನು ಕೊಟ್ಟುಬಿಟ್ಟಿದೆ. ಅರಿವು ಅಳಿಯುವುದು ಅರಿವಳಿಕೆ. ನೋವು ಅಳಿಯುವುದು, ಮೈ ಅಲುಗದಿರುವುದು, ಆಮೇಲೆ ನೆನಪಿಲ್ಲದಿರುವುದು ಇವೆಲ್ಲ ಅದರೊಡನೆ ಬರಬಹುದು, ಆದರೆ ಆ ಪದ ಹೇಳುವುದು ಅರಿವಿನ ಬಗ್ಗೆ. ಆ ಅರಿವು ಇರುವ ಅಂಗವನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಬಹುಕಾಲ ನೋಡುತ್ತ ಬಂದೆವು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದ ಮರುವರ್ಷವೇ ಲಂಡನ್ನಿನ ಜಾನ್ ಸ್ನೋ ಅರಿವಳಿಕೆಯ ಆಳವನ್ನು ಐದು ಹಂತಗಳಾಗಿ ವಿಂಗಡಿಸಿ ಬರೆದರು. ರೋಗಿಯಲ್ಲಿ ಏನನ್ನು ನೋಡಬೇಕೆಂಬ ಜಗಳ ನಮ್ಮ ಪಕ್ಕದಲ್ಲೇ, ಹೈದರಾಬಾದಿನಲ್ಲೇ ನಡೆದಿದೆ. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1888 ಮತ್ತು 1889ರಲ್ಲಿ, ಅಲ್ಲಿ ಎಡ್ವರ್ಡ್ ಲಾರಿಯವರ ಮುಂದಾಳತ್ವದಲ್ಲಿ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಉಸಿರನ್ನು ನೋಡಿದರೆ ಸಾಕು, ನಾಡಿಯ ಕಡೆ ಗಮನ ಕೊಡಬೇಕಿಲ್ಲ ಎಂಬುದು ಲಾರಿಯವರ ದೃಢ ನಂಬಿಕೆಯಾಗಿತ್ತು. ಕ್ಲೋರೋಫಾರ್ಮ್ ನೇರವಾಗಿ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಉಸಿರೋ ನಾಡಿಯೋ ಎಂಬ ಆ ವಾದದಲ್ಲಿ ಮಿದುಳಿನ ಮಾತೇ ಬರಲಿಲ್ಲ, ಏಕೆಂದರೆ ಆಗ ಅದನ್ನು ನೋಡುವ ಸಾಧನ ಯಾರ ಕೈಯಲ್ಲೂ ಇರಲಿಲ್ಲ.

ಈಥರ್ ಕಾಲದ ಒಂದು ಅನುಕೂಲವನ್ನು ಇಲ್ಲಿ ಹೇಳಬೇಕು. ಅರಿವಳಿಕೆ ತೆಳುವಾದರೆ ರೋಗಿಯೇ ತಿಳಿಸುತ್ತಿದ್ದ. ಕೈ ಕದಲುತ್ತಿತ್ತು, ಉಸಿರಿನ ಗತಿ ಬದಲಾಗುತ್ತಿತ್ತು, ಕಣ್ಣುಗುಡ್ಡೆ ಹೊರಳುತ್ತಿತ್ತು. 1942ರಲ್ಲಿ ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಶಸ್ತ್ರಚಿಕಿತ್ಸೆಯಲ್ಲಿ ಕ್ಯುರಾರೆ ಬಳಸಿದ ಮೇಲೆ ಆ ಮಾತು ನಿಂತುಹೋಯಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬಾಣದ ತುದಿಗೆ ಸವರುತ್ತಿದ್ದ ಈ ವಿಷ ಸ್ನಾಯುಗಳನ್ನು ಪೂರ್ತಿ ಸಡಿಲಿಸುತ್ತದೆ. ಹೊಟ್ಟೆಯೊಳಗೆ ಕೆಲಸ ಮಾಡುವ ಸರ್ಜನ್‌ಗೆ ಅದು ವರವಾಯಿತು. ಆದರೆ ಅದು ಮಿದುಳನ್ನೂ ಮಲಗಿಸುತ್ತದೆಯೇ ಎಂಬ ಅನುಮಾನ ಕೆಲವು ವರ್ಷ ಉಳಿದಿತ್ತು. 1947ರಲ್ಲಿ ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ಬೇರೆ ಯಾವ ಔಷಧವನ್ನೂ ಪಡೆಯದೆ ತಮ್ಮ ಮೈಗೇ ಕ್ಯುರಾರೆ ಚುಚ್ಚಿಸಿಕೊಂಡರು. ಒಂದು ಬೆರಳನ್ನೂ ಎತ್ತಲಾಗದ, ಸ್ವಂತ ಉಸಿರೂ ಇಲ್ಲದ ಸ್ಥಿತಿಯಲ್ಲಿ ಅವರಿಗೆ ಸುತ್ತ ನಡೆದುದೆಲ್ಲ ತಿಳಿಯುತ್ತಿತ್ತು, ಆಮೇಲೆ ಎಲ್ಲವೂ ನೆನಪಿತ್ತು.

ಇದನ್ನು ನಾನು ಪಿ.ಜಿ. ಓದುವಾಗ ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಎರಡನೆಯ ವರ್ಷದ ಒಂದು ರಾತ್ರಿಯ ನಂತರ.

ತುರ್ತು ಸಿಸೇರಿಯನ್. ಮಗುವಿನ ಎದೆಬಡಿತ ಕುಸಿಯುತ್ತಿತ್ತು, ಬೆನ್ನಿಗೆ ಸೂಜಿ ಹಾಕುವಷ್ಟು ಸಮಯವಿರಲಿಲ್ಲ. ನಿದ್ದೆ ಬರಿಸುವ ಥಯೊಪೆಂಟೋನ್ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು, ಗಂಟಲಿಗೆ ಟ್ಯೂಬ್ ಇಳಿಸಿದೆವು, ಅಷ್ಟರಲ್ಲೇ ಸರ್ಜನ್ ಚಾಕು ಇಟ್ಟಾಗಿತ್ತು. ಇಂಥ ಹೊತ್ತಿನಲ್ಲಿ ಒಂದು ಅಪಾಯದ ಸಂದು ಇರುತ್ತದೆ. ರಕ್ತನಾಳಕ್ಕೆ ಕೊಟ್ಟ ಮೊದಲ ಔಷಧದ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ, ಉಸಿರಿನ ಮೂಲಕ ಕೊಡುವ ಅನಿಲದ ಪ್ರಮಾಣ ಮಿದುಳಿನಲ್ಲಿ ಇನ್ನೂ ಏರುತ್ತಿರುತ್ತದೆ, ಮಗುವಿಗೆ ತೊಂದರೆಯಾದೀತೆಂದು ಕೈ ಬಿಗಿಹಿಡಿಯುವುದೂ ಇರುತ್ತದೆ. ಆ ರಾತ್ರಿ ಅರಿವಳಿಕೆ ಅನಿಲವನ್ನು ಬಿಡುವ ವೇಪರೈಸರ್ ತಿರುಗಿಸಲು ನಾನು ತಡಮಾಡಿದೆ. ಎಷ್ಟು ನಿಮಿಷ ಎಂದು ಬರೆದಿಟ್ಟಿರಲಿಲ್ಲ. ನಾಡಿ 120 ಇತ್ತು, ರಕ್ತದೊತ್ತಡ ಏರಿತ್ತು. ತುರ್ತು ಸಿಸೇರಿಯನ್‌ನಲ್ಲಿ ಅದು ಸಹಜವೆಂದುಕೊಂಡೆ.

ಮರುದಿನ ವಾರ್ಡಿನಲ್ಲಿ ಆ ತಾಯಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ನನಗೆ ಎಲ್ಲಾ ಕೇಳಿಸ್ತಿತ್ತು ಡಾಕ್ಟ್ರೇ. ಕೂಗೋಣ ಅಂದ್ರೆ ಬಾಯಿ ಇಲ್ಲ, ಕೈ ಎತ್ತೋಣ ಅಂದ್ರೆ ಕೈ ಇಲ್ಲ. ಸತ್ತೋಗಿದೀನಿ ಅಂದ್ಕೊಂಡೆ.” ದೀಪವನ್ನು ಎಡಕ್ಕೆ ಸರಿಸಲು ಯಾರೋ ಹೇಳಿದ್ದನ್ನೂ, ಟ್ರೇ ಕೆಳಗೆ ಬಿದ್ದ ಸದ್ದನ್ನೂ ಅವರು ಸರಿಯಾದ ಕ್ರಮದಲ್ಲೇ ಹೇಳಿದರು. ಎರಡೂ ನಡೆದಿದ್ದವು. ನನ್ನ ಹಿರಿಯರೊಬ್ಬರು “ಹೆರಿಗೆ ಭಯಕ್ಕೆ ಕನಸು ಬಿದ್ದಿರಬೇಕಮ್ಮ” ಎಂದು ಸಮಾಧಾನ ಹೇಳಿ ಮುಂದಿನ ಹಾಸಿಗೆಗೆ ನಡೆದರು. ಅವರ ಹಿಂದೆ ನಾನೂ ನಡೆದೆ. ಮಗುವಿನ ಲಸಿಕೆಗೆಂದು ಬಂದಾಗ ಆ ತಾಯಿ ಮತ್ತೆ ಸಿಕ್ಕರು. ಬೆನ್ನ ಮೇಲೆ ಅಂಗಾತ ಮಲಗಲು ಈಗಲೂ ಆಗುವುದಿಲ್ಲವೆಂದೂ, ಕಣ್ಣು ಮುಚ್ಚಿದರೆ ಉಸಿರು ಕಟ್ಟಿದಂತಾಗುತ್ತದೆಂದೂ ಹೇಳಿದರು. ಅದು ಕನಸಲ್ಲ, ನೀವು ಹೇಳಿದ್ದೆಲ್ಲ ನಿಜ, ತಪ್ಪು ನಮ್ಮದು ಎಂದು ಅವರಿಗೆ ಆಗಲಾದರೂ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಆ ಮೊದಲ ಬೆಳಗಿನಲ್ಲೇ ಯಾರಾದರೂ ಪಕ್ಕದಲ್ಲಿ ಕುಳಿತು ನಂಬಿದ್ದರೆ ಆ ತಾಯಿಯ ಮುಂದಿನ ರಾತ್ರಿಗಳು ಬೇರೆಯಾಗಿರಬಹುದಿತ್ತು ಎಂಬ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇಂಥ ಅನುಭವ ಎಷ್ಟು ಜನರಿಗೆ ಆಗುತ್ತದೆ ಎಂಬುದಕ್ಕೆ ದೊಡ್ಡ ಪ್ರಮಾಣದ ಉತ್ತರ ಸಿಕ್ಕಿದ್ದು 2014ರಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಸೇರಿಸಿ ನಡೆಸಿದ ಐದನೆಯ ರಾಷ್ಟ್ರೀಯ ಪರಿಶೀಲನೆಯಿಂದ. ರೋಗಿಗಳು ತಾವಾಗಿಯೇ ಹೇಳಿಕೊಂಡ ಪ್ರಕರಣಗಳ ಲೆಕ್ಕದಲ್ಲಿ ಸುಮಾರು 19,000 ಅರಿವಳಿಕೆಗಳಲ್ಲಿ ಒಂದು. ಸ್ನಾಯು ಸಡಿಲಿಸುವ ಔಷಧ ಬಳಸಿದ್ದರೆ ಸುಮಾರು 8,000ಕ್ಕೆ ಒಂದು, ಬಳಸದಿದ್ದರೆ ಸುಮಾರು 1,36,000ಕ್ಕೆ ಒಂದು. ಪೂರ್ತಿ ಅರಿವಳಿಕೆಯ ಸಿಸೇರಿಯನ್‌ಗಳಲ್ಲಿ ಮಾತ್ರ ಸುಮಾರು 670ಕ್ಕೆ ಒಂದು. ಆ ಕೊನೆಯ ಸಂಖ್ಯೆಯನ್ನು ಓದಿದಾಗ ನನಗೆ ಆ ವಾರ್ಡು, ಆ ಹಾಸಿಗೆ ಕಣ್ಣ ಮುಂದೆ ಬಂದವು.

ರೋಗಿ ತಾನಾಗಿ ಹೇಳಲಿ ಎಂದು ಕಾಯದೆ, ನಾವೇ ಕ್ರಮವಾಗಿ ಕೇಳಿದರೆ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಸಾವಿರಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಾರೆ. ಕೇಳುವ ಬಗೆಯನ್ನು ಬ್ರೈಸ್ ಎಂಬ ವೈದ್ಯರೂ ಅವರ ಜೊತೆಗಾರರೂ 1970ರಲ್ಲಿ ಹಾಕಿಕೊಟ್ಟರು. ನಿದ್ದೆ ಹೋಗುವ ಮೊದಲು ಕೊನೆಯದಾಗಿ ನೆನಪಿರುವುದೇನು? ಎದ್ದ ಮೇಲೆ ಮೊದಲು ನೆನಪಿರುವುದೇನು? ನಡುವೆ ಏನಾದರೂ ನೆನಪಿದೆಯೇ? ಕನಸು ಬಿತ್ತೇ? ಕೇಳಲು ಎರಡು ನಿಮಿಷ ಸಾಕು. ಒಂದು ರೂಪಾಯಿ ಖರ್ಚಿಲ್ಲ.

ನೆನಪೆಂಬುದು ಅರಿವಿನ ಒಂದು ಪಾಲು ಮಾತ್ರ ಎಂಬುದನ್ನೂ ಮರೆಯುವಂತಿಲ್ಲ. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಸಿಸೇರಿಯನ್ ರೋಗಿಗಳಲ್ಲೇ ಒಂದು ಸರಳ ಉಪಾಯ ಮಾಡಿದರು. ಸ್ನಾಯು ಸಡಿಲಿಸುವ ಔಷಧ ಕೊಡುವ ಮೊದಲು ಒಂದು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಬಿಗಿಯಾಗಿ ಗಾಳಿ ತುಂಬಿದರೆ ಔಷಧ ಆ ಮುಂಗೈಗೆ ಇಳಿಯುವುದಿಲ್ಲ, ಇಡೀ ಮೈ ಸ್ತಬ್ಧವಾದರೂ ಆ ಕೈಗೆ ಅಲುಗುವ ಶಕ್ತಿ ಉಳಿಯುತ್ತದೆ. ಆಮೇಲೆ ರೋಗಿಯ ಹೆಸರು ಹಿಡಿದು ಕರೆದು, ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ ಎನ್ನಬೇಕು. 2017ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನವೊಂದರಲ್ಲಿ ಟ್ಯೂಬ್ ಇಳಿಸಿದ ಬಳಿಕ ಹೀಗೆ ಕೇಳಿದಾಗ 260 ಜನರಲ್ಲಿ 12 ಜನ ಕೈ ಹಿಸುಕಿದರು. ಹೀಗೆ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರಿಗೆ ಎದ್ದ ಮೇಲೆ ಅದರ ನೆನಪಿರುವುದಿಲ್ಲ. ಆ ಗಳಿಗೆಯಲ್ಲಿ ಅವರೊಳಗೆ ಯಾರೋ ಇದ್ದರು ಎಂಬುದನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಹಾಗಾದರೆ ಮಿದುಳನ್ನೇ ನೋಡಬೇಕು. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಅರಿವಳಿಕೆಯ ಆಳವನ್ನು ಅಳೆಯಲು ಈ ದಾಖಲೆಯನ್ನು, ಅಂದರೆ ಇಇಜಿಯನ್ನು, ಬಳಸಬಹುದೆಂದು ಅಮೆರಿಕದ ಸಂಶೋಧಕರಾದ ಗಿಬ್ಸ್ ದಂಪತಿಗಳೂ ಲೆನ್ನಾಕ್ಸರೂ 1937ರಲ್ಲೇ ಬರೆದರು. ಆದರೂ ಅದು ಓ.ಟಿ.ಯೊಳಗೆ ಬರಲು ಅರವತ್ತು ವರ್ಷ ಹಿಡಿಯಿತು, ಅದಕ್ಕೆ ಕಾರಣವೂ ಇದೆ. ಹೃದಯದ ವಿದ್ಯುತ್ತು ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟ್ ಇರುತ್ತದೆ. ಮಿದುಳಿನದು ತಲೆಬುರುಡೆಯನ್ನು ದಾಟಿ ಬರುವಷ್ಟರಲ್ಲಿ ಅದರ ಹತ್ತರಲ್ಲೊಂದು, ನೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ರೋಗಿಯ ಹುಬ್ಬು ಗಂಟಿಕ್ಕಿದರೂ ಅದು ಮುಚ್ಚಿಹೋಗುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿಯನ್ನು ಸರ್ಜನ್ ಒತ್ತಿದರಂತೂ ಪರದೆಯ ತುಂಬ ಗದ್ದಲ.

ಬೈಸ್ಪೆಕ್ಟ್ರಲ್ ಇಂಡೆಕ್ಸ್, ನಮ್ಮ ಬಾಯಲ್ಲಿ ಬಿಸ್, ಈ ತೊಡಕನ್ನು ಕಂಪ್ಯೂಟರ್‌ನಿಂದ ಬಿಡಿಸಹೊರಟಿತು. ಅಲೆಗಳನ್ನು ವಿಂಗಡಿಸಿ, ಬಹಳ ರೋಗಿಗಳಲ್ಲಿ ಮೊದಲೇ ದಾಖಲಿಸಿಟ್ಟ ಅಲೆಗಳ ಲಕ್ಷಣಗಳಿಗೆ ಹೊಂದಿಸಿ, ಕೊನೆಗೆ 0ಯಿಂದ 100ರವರೆಗಿನ ಒಂದೇ ಸಂಖ್ಯೆಯನ್ನು ಅದು ತೋರಿಸುತ್ತದೆ. ಪೂರ್ತಿ ಎಚ್ಚರವಿದ್ದರೆ 100ರ ಹತ್ತಿರ, ಶಸ್ತ್ರಚಿಕಿತ್ಸೆಗೆ 40ರಿಂದ 60. ಅಮೆರಿಕದಲ್ಲಿ 1996ರಲ್ಲಿ ಅದಕ್ಕೆ ಅನುಮತಿ ದೊರೆಯಿತು. 2004ರ ಬಿ-ಅವೇರ್ ಅಧ್ಯಯನದಲ್ಲಿ, ಎಚ್ಚರವಾಗುವ ಅಪಾಯ ಹೆಚ್ಚಿದ್ದ 2,463 ರೋಗಿಗಳಲ್ಲಿ, ಬಿಸ್ ನೋಡಿ ಅರಿವಳಿಕೆ ಕೊಟ್ಟ ಗುಂಪಿನಲ್ಲಿ ಇಬ್ಬರಿಗೂ, ಉಳಿದ ಗುಂಪಿನಲ್ಲಿ 11 ಜನರಿಗೂ ಎಚ್ಚರವಾಗಿತ್ತು. ಅದನ್ನು ಓದಿದ ದಿನ ನನಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಿತ್ತು. ಆದರೆ 2011ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಬಿಸ್ ಗುಂಪಿನಲ್ಲಿ ಏಳು ಜನರಿಗೆ ಖಚಿತವಾಗಿ ಎಚ್ಚರವಾಗಿತ್ತು. ಹೊರಬರುವ ಉಸಿರಿನಲ್ಲಿ ಅರಿವಳಿಕೆ ಅನಿಲ ಎಷ್ಟಿದೆ ಎಂದು ಅಳೆದು, ಕಡಿಮೆಯಾದರೆ ಗಂಟೆ ಬಾರಿಸುವಂತೆ ಮಾಡಿದ್ದ ಗುಂಪಿನಲ್ಲಿ ಇಬ್ಬರಿಗೆ. ಅನಿಲದಿಂದಲೇ ಅರಿವಳಿಕೆ ಕೊಡುವಾಗ ಅದರ ಪ್ರಮಾಣವನ್ನು ಎಚ್ಚರಿಕೆಯಿಂದ ನೋಡಿಕೊಂಡರೆ ಬಿಸ್‌ಗಿಂತ ಕಡಿಮೆಯೇನೂ ಆಗುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು.

ನನ್ನನ್ನು ಹೆಚ್ಚು ಅಲುಗಿಸಿದ್ದು 2015ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಸಣ್ಣ ಪ್ರಯೋಗ. ಹತ್ತು ಸ್ವಯಂಸೇವಕರು ಅರಿವಳಿಕೆ ಇಲ್ಲದೆ, ಪೂರ್ಣ ಎಚ್ಚರದಲ್ಲಿ, ಸ್ನಾಯು ಸಡಿಲಿಸುವ ಔಷಧವನ್ನಷ್ಟೇ ಪಡೆದು ಮಲಗಿದರು. ಹೆಚ್ಚಿನ ಸಲ ಅವರ ಬಿಸ್ ಸಂಖ್ಯೆ 60ಕ್ಕಿಂತ ಕೆಳಗೆ ಇಳಿಯಿತು. ಹಣೆಯ ಸ್ನಾಯುಗಳ ಸೂಕ್ಷ್ಮ ಮಿಡಿತವನ್ನೂ ಯಂತ್ರ ಎಚ್ಚರದ ಗುರುತಾಗಿ ಲೆಕ್ಕ ಹಿಡಿಯುತ್ತಿತ್ತು, ಆ ಮಿಡಿತ ನಿಂತೊಡನೆ ರೋಗಿ ಮಲಗಿದನೆಂದು ತೀರ್ಮಾನಿಸಿತು. ಕಣ್ಣು ಬಿಡಲಾಗದೆ, ಎಲ್ಲ ಕೇಳಿಸುತ್ತ ಮಲಗಿದ್ದ ಆ ತಾಯಿಯ ಹಣೆಗೆ ಅಂದು ಈ ಪಟ್ಟಿ ಇದ್ದಿದ್ದರೂ ಅದು ನನಗೆ ಸುಳ್ಳು ಧೈರ್ಯ ಹೇಳಬಹುದಾಗಿತ್ತು. ಕೆಟಮಿನ್ ಎಂಬ ಅರಿವಳಿಕೆ ಔಷಧ ಕೊಟ್ಟರೆ ಇದರ ತದ್ವಿರುದ್ಧ. ಅರಿವಳಿಕೆ ಆಳವಾಗಿದ್ದರೂ ವೇಗದ ಅಲೆಗಳು ಹೆಚ್ಚಿ ಸಂಖ್ಯೆ ಮೇಲೇರುತ್ತದೆ.

ಆದ್ದರಿಂದ ಕೆಲವು ವರ್ಷಗಳಿಂದ ನಾನು ಸಂಖ್ಯೆಗಿಂತ ಅದರ ಪಕ್ಕದಲ್ಲಿ ಓಡುವ ಅಲೆಗಳನ್ನು ನೋಡುವುದನ್ನು ರೂಢಿಸಿಕೊಂಡಿದ್ದೇನೆ. ಬಾಸ್ಟನ್ನಿನಲ್ಲಿ ಎಮೆರಿ ಬ್ರೌನ್ ಮತ್ತು ಪ್ಯಾಟ್ರಿಕ್ ಪರ್ಡನ್ ಮಾಡಿದ ಕೆಲಸ ಇದಕ್ಕೆ ದಾರಿ ತೋರಿಸಿತು. ಒಂದೊಂದು ಔಷಧವೂ ಮಿದುಳಿನಲ್ಲಿ ತನ್ನದೇ ಗುರುತು ಮೂಡಿಸುತ್ತದೆ, ಏಕೆಂದರೆ ಒಂದೊಂದೂ ನರಕೋಶಗಳನ್ನು ಹಿಡಿಯುವ ಬಗೆಯೇ ಬೇರೆ. ಸಂಗೀತ ಕೇಳುವವರು ದನಿಯಿಂದಲೇ ವಾದ್ಯವನ್ನು ಹೇಳುವಂತೆ, ಅಲೆ ನೋಡಿ ಔಷಧವನ್ನು ಹೇಳುವಷ್ಟು ಅಭ್ಯಾಸ ಆಗಬಹುದು ಎಂದು ಮೊದಲು ನಾನು ನಂಬಿರಲಿಲ್ಲ.

ಆ ಅಜ್ಜಿಗೆ ಹಾಲಿನಷ್ಟು ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧವನ್ನು ನಿಧಾನವಾಗಿ ಏರಿಸಿದೆ. ಪರದೆಯ ಮೇಲೆ ಮೊದಲು ಸಣ್ಣ, ಚುರುಕಾದ, ಒತ್ತೊತ್ತಾದ ಗೀರುಗಳಿದ್ದವು. ಅವರು ಕಣ್ಣು ಪಿಳುಕಿಸಿದಾಗಲೆಲ್ಲ ಒಂದೊಂದು ದೊಡ್ಡ ಏರಿಳಿತ. ಮಾತು ತೊದಲಿತು, ಚುರುಕು ಇನ್ನಷ್ಟು ಹೆಚ್ಚಿತು, ಆಮೇಲೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಲ್ಲ ಬದಲಾಯಿತು. ಸೆಕೆಂಡಿಗೆ ಒಂದೋ ಎರಡೋ ಬಾರಿ ಏಳುವ ದೊಡ್ಡ ನಿಧಾನದ ಅಲೆ, ಅದರ ಬೆನ್ನೇರಿ ಸೆಕೆಂಡಿಗೆ ಹತ್ತರಷ್ಟು ಸಮನಾಗಿ ಓಡುವ ಆಲ್ಫಾ ಅಲೆಗಳು. ಎಚ್ಚರದಲ್ಲಿ ಕಣ್ಣು ಮುಚ್ಚಿ ಕುಳಿತಾಗ ಈ ಆಲ್ಫಾ ತಲೆಯ ಹಿಂಭಾಗದಲ್ಲಿ ಕಾಣುತ್ತದೆ, ಬರ್ಗರ್ ಕಂಡದ್ದೂ ಅದನ್ನೇ. ಪ್ರೊಪೊಫಾಲ್ ಹಿಡಿದ ಮಿದುಳಿನಲ್ಲಿ ಅದು ಹಣೆಯ ಕಡೆಗೆ ಬಂದು ನಿಲ್ಲುತ್ತದೆ. ಮಿದುಳಿನ ಒಳಗಿರುವ ಥಲಾಮಸ್ ಎಂಬ ಭಾಗ ಮತ್ತು ಅದರ ಹೊರಪದರ ಒಂದೇ ಲಯದ ಸುಳಿಯಲ್ಲಿ ಸಿಕ್ಕಿಕೊಂಡು, ಬೇರೆ ಬೇರೆ ಭಾಗಗಳು ತಮ್ಮತಮ್ಮಲ್ಲಿ ಮಾತಾಡುವ ಬಿಡುವನ್ನು ಕಳೆದುಕೊಳ್ಳುತ್ತವೆ. ವಯಸ್ಸಾದವರಲ್ಲಿ ಈ ಆಲ್ಫಾ ಸಣ್ಣದು. ಅಜ್ಜಿಯದೂ ಸಣ್ಣದಾಗಿತ್ತು, ಆದರೆ ಇತ್ತು. ಚಾಕು ಇಟ್ಟಾಗಲೂ ಅದು ಕದಡಲಿಲ್ಲ.

ಅರ್ಧ ಗಂಟೆಯ ನಂತರ ಇನ್ನೊಂದು ಬಗೆಯದು ಕಂಡಿತು. ಅಲೆ ನಿಂತು ಎರಡು ಸೆಕೆಂಡು ಬರಿಯ ಗೆರೆ, ಆಮೇಲೆ ಒಂದು ಅಲೆಗಳ ಗೊಂಚಲು, ಮತ್ತೆ ಗೆರೆ. ಬರ್ಸ್ಟ್ ಸಪ್ರೆಶನ್ ಎಂದು ನಾವು ಕರೆಯುವ ಇದು ಅರಿವಳಿಕೆ ಬೇಕಾದುದಕ್ಕಿಂತ ಬಹಳ ಆಳಕ್ಕೆ ಇಳಿದುದರ ಗುರುತು. ರಕ್ತದೊತ್ತಡ ಸ್ವಲ್ಪವಷ್ಟೇ ತಗ್ಗಿತ್ತು, ನಾಡಿ ಶಾಂತವಾಗಿತ್ತು, ಹಣೆಯ ಪಟ್ಟಿ ಇಲ್ಲದಿದ್ದರೆ ನಾನು ಎಲ್ಲ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ. ಔಷಧವನ್ನು ಮೂರನೆಯ ಒಂದು ಪಾಲು ಇಳಿಸಿದೆ. ಹತ್ತು ನಿಮಿಷಗಳಲ್ಲಿ ಗೆರೆಗಳು ಹೋಗಿ ಅಲೆಗಳು ಮರಳಿದವು.

ಹೀಗೆ ಇಳಿಸುವುದರಿಂದ ಹಿರಿಯರಿಗೆ ಶಸ್ತ್ರಚಿಕಿತ್ಸೆಯ ನಂತರ ಬರುವ ಗೊಂದಲ, ಮನೆಯವರನ್ನೇ ಗುರುತಿಸದ ಆ ಡೆಲಿರಿಯಂ, ತಪ್ಪುತ್ತದೆಯೇ? ಅಮೆರಿಕದಲ್ಲಿ 60 ದಾಟಿದ 1,232 ಜನರ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಇಜಿ ನೋಡುತ್ತ ಅರಿವಳಿಕೆ ಕೊಟ್ಟ ರೋಗಿಗಳಲ್ಲಿ ಶೇಕಡ 26, ಉಳಿದವರಲ್ಲಿ ಶೇಕಡ 23 ಜನರಿಗೆ ಡೆಲಿರಿಯಂ ಬಂತು. ಏನೂ ಪ್ರಯೋಜನ ಕಾಣಲಿಲ್ಲ. ಎರಡು ವರ್ಷದ ನಂತರ ಬಂದ ಇನ್ನೊಂದರಲ್ಲಿ ಬಿಸ್ 50ರ ಸುತ್ತ ಇಟ್ಟವರಲ್ಲಿ ಶೇಕಡ 19, 35ರ ಸುತ್ತ ಇಟ್ಟವರಲ್ಲಿ ಶೇಕಡ 28. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾರೂ ದೊಡ್ಡ ಭರವಸೆ ಕೊಡಲಾಗದು. ಬೇಕಿಲ್ಲದ ಔಷಧವನ್ನು ವಯಸ್ಸಾದ ಮಿದುಳಿಗೆ ಕೊಡದಿರಲು ನನಗೆ ಬೇರೆ ಪುರಾವೆ ಬೇಕಿಲ್ಲ ಎಂಬುದು ನನ್ನ ನಿಲುವು.

ಈ ಯಂತ್ರ ನಮ್ಮಲ್ಲಿ ಎಲ್ಲ ಕಡೆ ಇಲ್ಲ. ಹಣೆಗೆ ಹಚ್ಚುವ ಪಟ್ಟಿ ಒಬ್ಬರಿಗೊಂದರಂತೆ ಬಳಸಿ ಎಸೆಯುವಂಥದು, ಬೆಲೆ ಸಾವಿರದ ಲೆಕ್ಕದಲ್ಲಿರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ನಿಂತು ಸಾಲಾಗಿ ಸಿಸೇರಿಯನ್ ಮಾಡಿಸುವ ನನ್ನ ಸ್ನೇಹಿತರಿಗೆ ಇದನ್ನು ಕೊಂಡುಕೊಳ್ಳಿ ಎನ್ನುವುದು ನ್ಯಾಯವಲ್ಲ. ಮೊದಲು ಎಲ್ಲಿಗೆ ಬೇಕು ಎಂದು ಕೇಳಿದರೆ, ಅನಿಲವಿಲ್ಲದೆ ಬರಿಯ ನಾಳದ ಔಷಧದಿಂದ ಅರಿವಳಿಕೆ ಕೊಡುತ್ತ ಜೊತೆಗೆ ಸ್ನಾಯು ಸಡಿಲಿಸುವಲ್ಲಿಗೆ ಬೇಕು ಎನ್ನುತ್ತೇನೆ. ಅಲ್ಲಿ ಔಷಧ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ಉಸಿರನ್ನು ಅಳೆದು ತಿಳಿಯುವಂತಿಲ್ಲ, ನಾಳದ ಸೂಜಿ ಜಾರಿ ಔಷಧ ಬಟ್ಟೆಯ ಕೆಳಗೆ ಸೋರುತ್ತಿದ್ದರೂ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘವೂ 2021ರ ತನ್ನ ಮಾರ್ಗಸೂಚಿಯಲ್ಲಿ ಈ ಸಂದರ್ಭಕ್ಕೆ ಇಇಜಿ ಮಾನಿಟರನ್ನು ಶಿಫಾರಸು ಮಾಡಿದೆ. ಉಳಿದೆಡೆ ವೇಪರೈಸರ್ ತುಂಬಿದೆಯೇ, ತಿರುಗಿಸಿದ್ದೇನೆಯೇ ಎಂದು ಎರಡು ಸಲ ನೋಡುವ ಕಣ್ಣು, ಸ್ನಾಯು ಸಡಿಲಿಸುವ ಔಷಧವನ್ನು ಬೇಕಾದಷ್ಟೇ ಕೊಡುವ ಕೈ, ಮತ್ತು ಮರುದಿನದ ಆ ನಾಲ್ಕು ಪ್ರಶ್ನೆಗಳು. ಇವನ್ನು ಯಾವ ಆಸ್ಪತ್ರೆಯಾದರೂ ಭರಿಸಬಲ್ಲದು.

ಮರುದಿನ ಬೆಳಿಗ್ಗೆ ಅಜ್ಜಿ ದಿಂಬಿಗೆ ಒರಗಿ ಕುಳಿತಿದ್ದರು. ಹಣೆಯ ಮೇಲೆ ಬಿಲ್ಲೆಗಳು ಒತ್ತಿದ ಕೆಂಪು ಗುರುತುಗಳು ಇನ್ನೂ ಮಾಸಿರಲಿಲ್ಲ, ಅವುಗಳ ಮೇಲೇ ಮಗಳು ಹೊಸದಾಗಿ ವಿಭೂತಿ ಹಚ್ಚಿದ್ದಳು. ಕುರ್ಚಿ ಎಳೆದು ಕುಳಿತು, ನಿದ್ದೆ ಹೋಗುವ ಮೊದಲು ಕೊನೆಗೆ ನೆನಪಿರುವುದೇನು ಅವ್ವಾರ ಎಂದು ಕೇಳಿದೆ.

“ನೀವು ಹಣಿ ಒರಸಿದ್ದು,” ಎಂದರು. “ತಣ್ಣಗಿತ್ತು.”

ಎದ್ದ ಮೇಲೆ ಮೊದಲು?

“ಇವಳ ದನಿ,” ಎಂದು ಮಗಳ ಕಡೆ ಕೈ ತೋರಿಸಿದರು. ನಡುವೆ ಏನಾದರೂ ನೆನಪಿದೆಯೇ ಎಂದದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ಇಲ್ಲವೆಂದು ತಲೆಯಾಡಿಸಿದರು. ಕನಸೂ ಇಲ್ಲ. ನಾಲ್ಕೂ ಉತ್ತರಗಳನ್ನು ಕೇಸ್ ಶೀಟಿನಲ್ಲಿ ಬರೆದು, ಸಮಯ ಹಾಕಿ ಸಹಿ ಮಾಡಿದೆ.